ದಿನಾ ನಡೆದರೂ ತೂಕ ಇಳಿಯುತ್ತಿಲ್ಲ ಎನ್ನುವವರಿಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಎರಡು ತಿಂಗಳಿಂದ ತಪ್ಪದೆ ವಾಕಿಂಗ್ ಹೋಗ್ತಿದ್ದೀನಿ, ಒಂದು ಕೆಜಿಯೂ ಇಳಿದಿಲ್ಲ. ಎಲ್ಲಿ ತಪ್ಪಾಗ್ತಿದೆ?" ಅದರ ಬೆನ್ನಿಗೇ ಇನ್ನೊಂದು: "ಶುರುವಿನಲ್ಲಿ ಹುರುಪು ಇರುತ್ತೆ, ಮೂರನೇ ವಾರಕ್ಕೆ ಬಿಟ್ಟುಹೋಗುತ್ತೆ. ಏನು ಮಾಡಲಿ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಒಂದು ಚಮಚ ಎಣ್ಣೆಯಲ್ಲಿದೆ. 70 ಕೆಜಿ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಕ್ಯಾಲೊರಿ ಎಂದರೆ ಆಹಾರದಲ್ಲಿರುವ, ದೇಹ ಖರ್ಚು ಮಾಡುವ ಶಕ್ತಿಯ ಅಳತೆ. ಬಡಿಸುವ ಚಮಚದಲ್ಲಿ ಒಂದು ಚಮಚ ಎಣ್ಣೆ, ಅಂದರೆ 14 ಗ್ರಾಂನಷ್ಟು, ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಬಾಣಲೆಗೆ ಎಣ್ಣೆ ಸುರಿಯುವಾಗ ಕೈ ಒಂದು ಕ್ಷಣ ಹೆಚ್ಚು ಬಾಗಿದರೆ ಬೆಳಗಿನ ನಡಿಗೆ ಅಲ್ಲಿಗೆ ಸರಿಹೋಯಿತು. ಹಾಗಂತ ನಡಿಗೆ ವ್ಯರ್ಥ ಎಂದಲ್ಲ. ತೂಕ ಇಳಿಸುವ ಕೆಲಸದಲ್ಲಿ ದೊಡ್ಡ ಪಾಲು ಊಟದ್ದು. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದರಲ್ಲಿ ದೊಡ್ಡ ಪಾಲು ನಡಿಗೆಯದ್ದು. ಮೂರನೇ ವಾರಕ್ಕೆ ಇವೆರಡೂ ನಿಂತುಹೋಗದಂತೆ ನೋಡಿಕೊಳ್ಳುವುದಕ್ಕೆ ಜೊತೆಗೆ ಜನ ಬೇಕು.

ಶುರು ಮಾಡುವ ಮುಂಚೆ: ಯಾರು ವೈದ್ಯರನ್ನು ಕೇಳಲೇಬೇಕು

ಗರ್ಭಿಣಿಯರು, ಎದೆಹಾಲು ಕೊಡುತ್ತಿರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ಕಷ್ಟಪಟ್ಟವರು ತಾವಾಗಿಯೇ ಶುರು ಮಾಡಬೇಡಿ. ಬೆಳೆಯುವ ಮಕ್ಕಳ ಊಟಕ್ಕೂ ನೀವೇ ಕತ್ತರಿ ಹಾಕಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರವಾಗಿರಬೇಕು. ಊಟ ಕಡಿಮೆಯಾಗಿ ನಡಿಗೆ ಹೆಚ್ಚಾದಾಗ ಹಳೆಯ ಪ್ರಮಾಣದ ಔಷಧಿಯೇ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಅದರ ಲಕ್ಷಣ. ಬಿಪಿ ಮಾತ್ರೆಯವರೂ ಮೊದಲೇ ಕೇಳಿಕೊಳ್ಳಿ. ತೂಕ ಇಳಿದಂತೆ ಔಷಧಿಯ ಪ್ರಮಾಣ ಬದಲಾಗಬೇಕಾಗಬಹುದು, ಅದನ್ನು ವೈದ್ಯರೇ ಬದಲಿಸಬೇಕು.

ಬೇಕಾಗುವ ಸಾಮಾನು ಕಡಿಮೆ. ಕಾಲಿಗೆ ಸರಿಯಾಗಿ ಕೂರುವ ಶೂ, ಅಳತೆ ಟೇಪು, ತೂಕದ ಯಂತ್ರ, ಒಂದು ಸಣ್ಣ ನೋಟ್‌ಬುಕ್. ಕೈಗಡಿಯಾರ, ಆ್ಯಪ್ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟವೇನಿಲ್ಲ. ಶೂ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಹಾಕಿ ನೋಡಿ ಕೊಳ್ಳಿ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಬೇಕು.

ಹಂತ 1: ಅಳತೆ ತೆಗೆದುಕೊಳ್ಳಿ

ತೂಕ ನೋಡುವುದು ಬೆಳಿಗ್ಗೆ, ಶೌಚ ಮುಗಿಸಿ, ಏನನ್ನೂ ತಿನ್ನದೆ ಕುಡಿಯದೆ. ಪ್ರತಿ ಸಲವೂ ಹೀಗೆಯೇ. ಆಮೇಲೆ ಬಿಎಂಐ ಲೆಕ್ಕ ಹಾಕಿ. ಬಿಎಂಐ ಎಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಸಂಖ್ಯೆ: ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. 78 ಕೆಜಿ ತೂಕ, 1.65 ಮೀಟರ್ ಎತ್ತರ ಇದ್ದರೆ ಸುಮಾರು 28.7 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಏಷ್ಯಾ ಮೂಲದವರಿಗೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಇದಕ್ಕಿಂತ ಕಡಿಮೆ ತೂಕದಲ್ಲೇ ಶುರುವಾಗುವುದರಿಂದ ಅವರು 23ರಿಂದಲೇ ಎಚ್ಚರಿಕೆ ವಹಿಸಬೇಕು.

ನನಗೆ ಬಿಎಂಐಗಿಂತ ಸೊಂಟದ ಅಳತೆಯ ಮೇಲೆ ನಂಬಿಕೆ ಹೆಚ್ಚು. ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 165 ಸೆಂ.ಮೀ. ಎತ್ತರದವರಿಗೆ 82.5 ಸೆಂ.ಮೀ.

ಗುರಿಯನ್ನು ಮದುವೆಯ ಹೊತ್ತಿನ ತೂಕಕ್ಕೋ ಕಾಲೇಜು ದಿನಗಳ ತೂಕಕ್ಕೋ ಇಟ್ಟುಕೊಂಡರೆ ದಾರಿ ಉದ್ದವಾಗಿ ಕಾಣುತ್ತದೆ. ಈಗಿನ ತೂಕದಲ್ಲಿ ನೂರಕ್ಕೆ 5 ಭಾಗ ಇಳಿಸುವುದು ಮೊದಲ ಗುರಿಯಾಗಿರಲಿ. 78 ಕೆಜಿಯವರಿಗೆ ಅದು ನಾಲ್ಕು ಕೆಜಿಗಿಂತ ತುಸು ಕಡಿಮೆ. ಕನ್ನಡಿಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು, ಆದರೆ ಬಿಪಿ, ರಕ್ತದ ಸಕ್ಕರೆ, ಕೊಬ್ಬಿನ ಅಂಶ ಅಷ್ಟಕ್ಕೇ ಸುಧಾರಿಸತೊಡಗುತ್ತವೆ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ, ಅದಕ್ಕಿಂತ ವೇಗ ಬೇಡ. ಬೇಗ ಬೇಗ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚುತ್ತದೆ.

ಹಂತ 2: ಜೊತೆಗಾರರನ್ನು ಒಪ್ಪಿಸಿಕೊಳ್ಳಿ

ಬಹಳ ಜನ ಇದನ್ನು ಕೊನೆಗಿಡುತ್ತಾರೆ. "ಸ್ವಲ್ಪ ಇಳಿಸಿ ಆಮೇಲೆ ಹೇಳ್ತೀನಿ" ಎನ್ನುತ್ತಾರೆ. ಸೋತರೆ ಯಾರಿಗೂ ಗೊತ್ತಾಗಬಾರದು ಎನ್ನುವ ಸಂಕೋಚ ಅದು, ಅರ್ಥವಾಗುತ್ತದೆ. ಆದರೆ ಯಾರಿಗೂ ಹೇಳದೆ ಶುರು ಮಾಡಿದ್ದನ್ನು ಯಾರಿಗೂ ಹೇಳದೆ ಬಿಡುವುದೂ ಸುಲಭ.

1999ರಲ್ಲಿ ಅಮೆರಿಕದ ಸಂಶೋಧಕರಾದ ರೆನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಪ್ರಕಟಿಸಿದ ಅಧ್ಯಯನವೊಂದಿದೆ. ತೂಕ ಇಳಿಸುವ ನಾಲ್ಕು ತಿಂಗಳ ಕಾರ್ಯಕ್ರಮಕ್ಕೆ ಕೆಲವರನ್ನು ಒಬ್ಬೊಬ್ಬರಾಗಿ, ಕೆಲವರನ್ನು ಸ್ನೇಹಿತರ ಜೊತೆಯಲ್ಲಿ ಸೇರಿಸಿಕೊಂಡರು. ಒಬ್ಬರೇ ಬಂದು ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 76 ಜನ ಕಾರ್ಯಕ್ರಮ ಮುಗಿಸಿದರೆ, ಸ್ನೇಹಿತರೊಂದಿಗೆ ಬಂದು ಪರಸ್ಪರ ಬೆಂಬಲ ಕೊಡುವುದನ್ನೂ ಕಲಿತವರಲ್ಲಿ ಮುಗಿಸಿದವರು ಶೇ. 95. ಹತ್ತನೇ ತಿಂಗಳಲ್ಲಿ ನೋಡಿದಾಗ, ಇಳಿಸಿದ ತೂಕವನ್ನು ಪೂರ್ತಿ ಉಳಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇ. 24, ಎರಡನೆಯದರಲ್ಲಿ ಶೇ. 66. ಸ್ನೇಹಿತರಿದ್ದರೆ ಸಾಲದು, ಬೆಂಬಲ ಕೊಡುವ ರೀತಿಯೂ ಅವರಿಗೆ ಗೊತ್ತಿರಬೇಕು ಎನ್ನುವುದನ್ನು ಇಲ್ಲಿ ಗಮನಿಸಿ.

ಎಷ್ಟು ಜನ? ಇಬ್ಬರಿಂದ ನಾಲ್ವರು ಸಾಕು. ದೊಡ್ಡ ಗುಂಪಿನಲ್ಲಿ ಒಬ್ಬರು ಬರದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರೂ ತೂಕ ಇಳಿಸುವವರೇ ಆಗಬೇಕಿಲ್ಲ. ಮಾತಿಗೆ ಸಿಗುವವರು, ಹೊತ್ತಿಗೆ ಸರಿಯಾಗಿ ಬರುವವರು ಆದರೆ ಸಾಕು. ನಿಮಗಿಂತ ತುಂಬಾ ವೇಗವಾಗಿ ನಡೆಯುವವರನ್ನು ಮಾತ್ರ ಆರಿಸಿಕೊಳ್ಳಬೇಡಿ.

ಕೇಳುವಾಗ "ನನಗೆ ಸ್ವಲ್ಪ ಸಪೋರ್ಟ್ ಮಾಡು" ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೆಲಸ ಹೇಳಿ. "ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ ಗೇಟಿನ ಹತ್ತಿರ ನಿಂತಿರ್ತೀಯಾ? ನಾನು ಬರದಿದ್ದರೆ ಫೋನ್ ಮಾಡು." ನಾನು ಜೊತೆಗಾರ್ತಿಯೊಂದಿಗೆ ಮಾಡಿಕೊಂಡ ಒಪ್ಪಂದ ಇಷ್ಟೇ. ರಾತ್ರಿ ಮಲಗುವ ಮುಂಚೆ ಒಬ್ಬರು "ನಾಳೆ?" ಎಂದು ಕಳಿಸುವುದು, ಇನ್ನೊಬ್ಬರು "ಹ್ಞೂಂ" ಎನ್ನುವುದು. ಆ "ಹ್ಞೂಂ" ಹೋದ ಮೇಲೆ ಬೆಳಿಗ್ಗೆ ಮಳೆ ಹನಿಯುತ್ತಿದ್ದರೂ, ಮೈ ಭಾರ ಅನ್ನಿಸಿದರೂ ಶೂ ಕಟ್ಟಲೇಬೇಕು, ಯಾಕೆಂದರೆ ಅಲ್ಲೊಬ್ಬಳು ಕತ್ತಲಲ್ಲಿ ನಿಂತಿರುತ್ತಾಳೆ.

ಜೊತೆಗಾರರಿಗೆ ಮೊದಲ ದಿನವೇ ತಿಳಿಸಬೇಕಾದ ಒಂದೆರಡು ಮಾತಿವೆ. "ಇದನ್ನ ತಿನ್ನಬಹುದಾ ನೀನು?" ಎಂದು ತಟ್ಟೆ ನೋಡಿ ಕೇಳಬಾರದು. ಪ್ರಶ್ನೆ ಎಷ್ಟೇ ಪ್ರೀತಿಯದ್ದಾದರೂ ಅದು ಕಾವಲಿನಂತೆ ಕೇಳಿಸುತ್ತದೆ, ಕಾವಲಿಟ್ಟರೆ ಕದ್ದು ತಿನ್ನುವುದು ಶುರುವಾಗುತ್ತದೆ. "ಎಷ್ಟು ಇಳಿದೆ?" ಎನ್ನುವುದಕ್ಕಿಂತ "ಈ ವಾರ ನಾಲ್ಕು ದಿನ ಬಂದೆ ಕಣೇ" ಎನ್ನುವ ಮಾತು ಕೈ ಹಿಡಿಯುತ್ತದೆ. ತೂಕ ನಮ್ಮ ಹಿಡಿತದಲ್ಲಿ ಪೂರ್ತಿ ಇರುವುದಿಲ್ಲ, ಹೊರಟು ಬರುವುದು ಇರುತ್ತದೆ.

ಎಚ್ಚರ: ಯಾರು ಮೊದಲು ಇಳಿಸುತ್ತಾರೆ ಎಂಬ ಪಂದ್ಯ ಬೇಡ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎನ್ನುವುದು, ತೆಗೆದುಕೊಳ್ಳುವ ಔಷಧಿ, ಇವೆಲ್ಲದರ ಮೇಲೆ ಇಳಿಯುವ ವೇಗ ನಿಂತಿದೆ. ಒಂದೇ ತಟ್ಟೆಯಲ್ಲಿ ಉಂಡು ಒಂದೇ ರಸ್ತೆಯಲ್ಲಿ ನಡೆದ ಇಬ್ಬರಿಗೂ ಒಂದೇ ಫಲ ಸಿಗುವುದಿಲ್ಲ. ಪಂದ್ಯ ಕಟ್ಟಿದರೆ ಹಿಂದುಳಿದವರು ನಡೆಯುವುದನ್ನೂ ಬಿಡುತ್ತಾರೆ, ಸ್ನೇಹವನ್ನೂ ಬಿಡುತ್ತಾರೆ.

ಹಂತ 3: ಮೂರು ದಿನ ಬರೆದಿಡಿ, ಏನನ್ನೂ ಬದಲಿಸಬೇಡಿ

ಎರಡು ಕೆಲಸದ ದಿನ, ಒಂದು ರಜೆ ದಿನ. ಬಾಯಿಗೆ ಹೋದದ್ದನ್ನೆಲ್ಲ ತಿಂದ ಕೂಡಲೇ ಬರೆಯಿರಿ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಗು ಬಿಟ್ಟದ್ದನ್ನು ಹಾಳಾಗಬಾರದೆಂದು ತಿಂದದ್ದು, ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಯಾವುದೂ ಪಟ್ಟಿಗೆ ಬರುವುದಿಲ್ಲ.

ಈ ಪಟ್ಟಿಯಲ್ಲಿ ಮೊದಲು ಕುಡಿಯುವುದನ್ನು ನೋಡಿ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ, 16 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಟೀ, ಲೋಟಕ್ಕೆ ಎರಡು ಚಮಚ ಎಂದರೆ ಅಲ್ಲಿಗೇ ಇನ್ನೊಂದು ಅರ್ಧ ಗಂಟೆಯ ನಡಿಗೆ. ತಂಪು ಪಾನೀಯ, ಹಣ್ಣಿನ ರಸ, ಮದ್ಯ ಇವು ಹೊಟ್ಟೆ ತುಂಬಿಸದೆ ಲೆಕ್ಕ ಏರಿಸುತ್ತವೆ. ಮದ್ಯದಲ್ಲಿ ಗ್ರಾಂಗೆ 7 ಕ್ಯಾಲೊರಿ ಇರುತ್ತದೆ, ಕೊಬ್ಬಿನಲ್ಲಿ 9, ಪಿಷ್ಟ ಮತ್ತು ಪ್ರೋಟೀನಿನಲ್ಲಿ 4.

ಪಟ್ಟಿಯಲ್ಲಿ ಮೂರು ಕಡೆ ಮಾತ್ರ ಗುರುತು ಹಾಕಿ, ಬಿಟ್ಟರೆ ಅಷ್ಟೇನೂ ಬೇಸರವಾಗದಂಥವು. ಅಲ್ಲಿಂದ ಶುರು. ಅತಿ ಇಷ್ಟದ್ದನ್ನೇ ಮೊದಲು ಬಿಟ್ಟವರು ಹತ್ತನೇ ದಿನಕ್ಕೆ ಅದನ್ನೇ ಎರಡರಷ್ಟು ತಿಂದಿರುತ್ತಾರೆ.

ಹಂತ 4: ತಟ್ಟೆ ಜೋಡಿಸುವುದು

ಹೊಟ್ಟೆ ಕಟ್ಟಿ ಇಳಿಸಿದ ತೂಕ ನಿಲ್ಲುವುದಿಲ್ಲ. ಅದಕ್ಕೇ ತಟ್ಟೆ ತುಂಬಿಯೇ ಇರಲಿ, ತುಂಬುವ ಕ್ರಮ ಬದಲಾಗಲಿ. ತಟ್ಟೆಯ ಅರ್ಧ ತರಕಾರಿ. ಕಾಲು ಭಾಗ ಪ್ರೋಟೀನ್ ಇರುವಂಥದ್ದು: ಬೇಳೆ, ಕಾಳು, ಮೊಟ್ಟೆ, ಮೀನು, ಕೆನೆ ತೆಗೆದ ಹಾಲಿನ ಮೊಸರು, ನೀವು ಏನು ತಿನ್ನುತ್ತೀರೋ ಅದು. ಉಳಿದ ಕಾಲು ಭಾಗ ಧಾನ್ಯ, ಸಾಧ್ಯವಾದರೆ ತವುಡು ತೆಗೆಯದ ಧಾನ್ಯ. ಬಡಿಸಿಕೊಳ್ಳುವಾಗ ತರಕಾರಿಯನ್ನೇ ಮೊದಲು ಹಾಕಿಕೊಳ್ಳಿ. ಧಾನ್ಯ ಮೊದಲು ಬಿದ್ದರೆ ಉಳಿದದ್ದಕ್ಕೆ ಜಾಗವೇ ಇರುವುದಿಲ್ಲ.

ತರಕಾರಿಗೆ ಇಷ್ಟು ಜಾಗ ಕೊಡುವುದು ನಾರಿನಂಶಕ್ಕಾಗಿ. ನಾರಿನಂಶ ಎಂದರೆ ಸಸ್ಯಾಹಾರದಲ್ಲಿರುವ, ನಮ್ಮ ಸಣ್ಣ ಕರುಳು ಜೀರ್ಣಿಸಲಾಗದ ಭಾಗ. ಅದು ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಹಸಿವನ್ನು ಮುಂದೂಡುತ್ತದೆ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ದಿನ ನಿಜವಾಗಿಯೂ ತೂಗಿ ನೋಡಿ. ನಾವು ಸಾಕಷ್ಟು ತಿನ್ನುತ್ತಿದ್ದೇವೆ ಎಂದುಕೊಂಡದ್ದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಪ್ಯಾಕೆಟ್ಟಿನ ತಿನಿಸಿನ ಬಗ್ಗೆ ಒಂದು ಮಾತು. ಅತಿಸಂಸ್ಕರಿತ ಆಹಾರ ಎಂದರೆ ಕಾರ್ಖಾನೆಯಲ್ಲಿ ಹಲವು ಬಗೆಯ ಸೇರ್ಪಡೆಗಳೊಂದಿಗೆ ತಯಾರಾಗಿ, ಮೂಲ ಧಾನ್ಯ ಯಾವುದೆಂದು ಗುರುತು ಸಿಗದಷ್ಟು ಬದಲಾದದ್ದು. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಎರಡು ವಾರ ಇಂಥ ಆಹಾರದಲ್ಲಿ, ಎರಡು ವಾರ ಸಾದಾ ಆಹಾರದಲ್ಲಿ ಇಟ್ಟು ನೋಡಿದರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮವಾಗಿತ್ತು, ಬೇಕಾದಷ್ಟು ತಿನ್ನಬಹುದಿತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ತಮಗೇ ಅರಿವಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆದ್ದರಿಂದ "ನನಗೆ ಬಾಯಿ ಕಟ್ಟೋಕೆ ಆಗಲ್ಲ" ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅಂಥ ತಿನಿಸು ಮನೆಗೆ ಬರುವುದನ್ನೇ ಕಡಿಮೆ ಮಾಡಿ, ಜಗಳ ಅರ್ಧ ಮುಗಿಯುತ್ತದೆ.

ನಿಧಾನವಾಗಿ ಉಣ್ಣಿ. ತುಂಬಿತು ಎನ್ನುವ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ತಲುಪಲು ಇಪ್ಪತ್ತು ನಿಮಿಷದಷ್ಟು ಹೊತ್ತು ಬೇಕು. ಯಾರಾದರೂ "ಇನ್ನೊಂಚೂರು ಹಾಕ್ಕೊಳ್ಳಿ" ಎಂದು ಒತ್ತಾಯ ಮಾಡಿದಾಗ ಕಾರಣ ಹೇಳುತ್ತಾ ಹೋದರೆ ಮಾತು ಬೆಳೆಯುತ್ತದೆ. "ಚೆನ್ನಾಗಿತ್ತು, ಹೊಟ್ಟೆ ತುಂಬಿತು" ಎಂದು ತಟ್ಟೆ ಎತ್ತಿಕೊಂಡು ಏಳಿ.

ಎಚ್ಚರ: ಧಾನ್ಯ ಪೂರ್ತಿ ಬಿಟ್ಟು ಮೊದಲ ವಾರವೇ ಎರಡು ಕೆಜಿ ಇಳಿಸಿದೆ ಎನ್ನುವವರನ್ನು ನೋಡಿ ಆಸೆ ಪಡಬೇಡಿ. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜೆನ್ ಎನ್ನುತ್ತಾರೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಮೊದಲ ವಾರ ಹೋಗುವುದು ಹೆಚ್ಚಾಗಿ ಆ ನೀರು, ಧಾನ್ಯ ತಿಂದ ದಿನ ಅದು ಮರಳಿ ಬರುತ್ತದೆ.

ಹಂತ 5: ನಡಿಗೆ ಏರಿಸುವುದು

ಮೊದಲ ವಾರ ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನ. ಪ್ರತಿ ವಾರ 5 ನಿಮಿಷ ಕೂಡಿಸಿ. ಐದನೇ ವಾರಕ್ಕೆ 30 ನಿಮಿಷ, ವಾರಕ್ಕೆ 150 ನಿಮಿಷ ಆಗುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹತ್ತು ನಿಮಿಷ ತೀರಾ ಕಡಿಮೆ ಅನ್ನಿಸಿದರೂ ಮೊದಲ ವಾರ ಅಷ್ಟಕ್ಕೇ ನಿಲ್ಲಿಸಿ. ಮೊದಲ ದಿನವೇ ಒಂದು ಗಂಟೆ ನಡೆದು, ಮೀನಖಂಡ ಹಿಡಿದುಕೊಂಡು, ಮರುದಿನ ಹಾಸಿಗೆ ಬಿಟ್ಟೇಳದವರನ್ನು ಸಾಕಷ್ಟು ನೋಡಿದ್ದೇನೆ.

ವೇಗ ಎಷ್ಟಿರಬೇಕು? ಜೊತೆಗಾರರೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಎಣಿಸುವುದಾದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹರಟೆಯಲ್ಲಿ ಮೈಮರೆತು ನಡಿಗೆ ನಿಧಾನವಾಗುವುದು ಜೊತೆಯಲ್ಲಿ ನಡೆಯುವವರ ಸಾಮಾನ್ಯ ತಪ್ಪು. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ, ನಡುವೆ ಚುರುಕು ಎಂದು ಮಾತಾಡಿಕೊಳ್ಳಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕೇ ಎಂದು ಕೇಳುತ್ತಾರೆ. ಆ ಸಂಖ್ಯೆ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು 'ಮಾನ್ಪೊ ಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅರ್ಥ. ಅಲ್ಲಿಂದ ಹಬ್ಬಿದ್ದು. ಈಗ ನೀವು ಮೂರು ಸಾವಿರ ನಡೆಯುತ್ತಿದ್ದರೆ ಐದು ಸಾವಿರಕ್ಕೆ ಏರಿದ್ದೂ ದೊಡ್ಡ ಲಾಭವೇ.

ಒಟ್ಟಿಗೆ ಅರ್ಧ ಗಂಟೆ ಸಿಗದವರು ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆಯಿರಿ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದನ್ನು ತಗ್ಗಿಸುತ್ತದೆ. ಇದರ ಜೊತೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಮುಂದಕ್ಕೆ ಬಾಗಿ ತಳ್ಳುವುದು. ತೂಕ ಇಳಿಯುವಾಗ ಸ್ನಾಯು ಕರಗದಿರಲು ಇದು ಬೇಕು.

ಎಚ್ಚರ: ನಡೆಯುವಾಗ ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಬಂದರೆ ತಕ್ಷಣ ನಿಂತು ನೆರವು ಕರೆಯಿರಿ. ಜೊತೆಗಾರರ ಮುಂದೆ ಮುಜುಗರವೆಂದು ಮುಚ್ಚಿಟ್ಟುಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರು ಮನೆಗೆ ಬಂದ ಮೇಲೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ. ಸಂವೇದನೆ ಕಡಿಮೆಯಾದ ಕಾಲಿಗೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ.

ಹಂತ 6: ವಾರಕ್ಕೊಮ್ಮೆ ಲೆಕ್ಕ

ವಾರದಲ್ಲಿ ಒಂದೇ ದಿನ ತೂಕ ನೋಡಿ, ಅದೇ ಹೊತ್ತಿಗೆ. ಸೊಂಟ ತಿಂಗಳಿಗೊಮ್ಮೆ ಸಾಕು. ಉಪ್ಪಿನ ಊಟ, ಮಲಬದ್ಧತೆ, ಮುಟ್ಟಿನ ದಿನಗಳು ಒಂದೆರಡು ಕೆಜಿಯನ್ನು ಹಾಗೇ ಏರಿಳಿಸುತ್ತವೆ. ಒಂದು ದಿನದ ಸಂಖ್ಯೆ ನೋಡಿ ಖುಷಿಯನ್ನೂ ದುಃಖವನ್ನೂ ಪಡಬೇಡಿ, ನಾಲ್ಕು ವಾರದ ಸಂಖ್ಯೆಗಳನ್ನು ಒಟ್ಟಿಗೆ ನೋಡಿ.

ಹಂತ 7: ತೂಕ ನಿಂತುಬಿಟ್ಟಾಗ

ಬಹಳಷ್ಟು ಜನರಿಗೆ ಕೆಲವು ತಿಂಗಳಾದ ಮೇಲೆ ಇದು ಆಗೇ ಆಗುತ್ತದೆ. ಹಗುರಾದ ದೇಹ ಅದೇ ದಾರಿ ನಡೆಯಲು ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ಗಾಬರಿಯಾಗಿ ಒಂದು ಹೊತ್ತಿನ ಊಟ ಬಿಡಬೇಡಿ. ಮತ್ತೆ ಮೂರು ದಿನ ಬರೆದಿಡಿ, ಎಣ್ಣೆ ಸಕ್ಕರೆ ಮೆಲ್ಲಗೆ ಹಳೆಯ ಅಳತೆಗೆ ಬಂದಿರುತ್ತವೆ. ನಿದ್ದೆಯನ್ನೂ ನೋಡಿ. ರಾತ್ರಿ ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ಮರುದಿನ ಹಸಿವು ಹೆಚ್ಚು, ಸಿಹಿಯ ಸೆಳೆತ ಇನ್ನೂ ಹೆಚ್ಚು. ಊಟ, ನಿದ್ದೆ ಎರಡೂ ಸರಿಯಿದ್ದು ಆರು ವಾರ ಕದಲದಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆಯೋ, ತೆಗೆದುಕೊಳ್ಳುತ್ತಿರುವ ಯಾವುದೋ ಮಾತ್ರೆಯೋ ಕಾರಣ ಇರಬಹುದು.

ಹಂತ 8: ಇಳಿದ ಮೇಲೆ

ಗುರಿ ಮುಟ್ಟಿದ ದಿನ ನಡಿಗೆ ನಿಲ್ಲಿಸುವುದು ದೊಡ್ಡ ತಪ್ಪು. ಅಮೆರಿಕದಲ್ಲಿ 1994ರಿಂದ ನ್ಯಾಷನಲ್ ವೆಯ್ಟ್ ಕಂಟ್ರೋಲ್ ರಿಜಿಸ್ಟ್ರಿ ಎಂಬ ದಾಖಲೆ ಇದೆ. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷವಾದರೂ ಉಳಿಸಿಕೊಂಡವರು ಮಾತ್ರ ಅದಕ್ಕೆ ಸೇರಬಹುದು. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ದೇಹಕ್ಕೆ ಕೆಲಸ ಕೊಡುತ್ತಾರೆ, ಅತಿ ಹೆಚ್ಚು ಜನ ಮಾಡುವುದು ನಡಿಗೆಯನ್ನೇ. ನಾಲ್ಕರಲ್ಲಿ ಮೂರು ಮಂದಿ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ನೀವೂ ನೋಡುತ್ತಿರಿ. ಎರಡು ಕೆಜಿ ಏರಿದ್ದು ಕಂಡರೆ ಅಲ್ಲೇ ಹಂತ 3ಕ್ಕೆ ಹಿಂದಿರುಗಿ, ಹತ್ತು ಕೆಜಿ ಏರುವವರೆಗೆ ಕಾಯಬೇಡಿ.

ಈ ಹೊತ್ತಿಗೆ ಜೊತೆಗಾರರಲ್ಲಿ ಯಾರಾದರೂ ಒಬ್ಬರು ಬರುವುದನ್ನು ನಿಲ್ಲಿಸಿರುತ್ತಾರೆ. ಹುಷಾರಿಲ್ಲದಿರಬಹುದು, ಕೆಲಸ ಬದಲಾಗಿರಬಹುದು, ತೂಕ ಮತ್ತೆ ಏರಿ ಮುಖ ತೋರಿಸಲು ನಾಚಿಕೆಯಾಗಿರಬಹುದು. ಯಾಕೆ ಬರಲಿಲ್ಲ ಎಂದು ವಿಚಾರಿಸಬೇಡಿ, ತೂಕದ ಮಾತೂ ಎತ್ತಬೇಡಿ. ರಾತ್ರಿ ಮಲಗುವ ಮುಂಚೆ "ನಾಳೆ?" ಎಂದಷ್ಟೇ ಕಳಿಸಿ. ಒಪ್ಪಿದರೆ ಅವರ ಮನೆ ಬಾಗಿಲವರೆಗೆ ನೀವೇ ಹೋಗಿ, ಆ ದಿನ ಹತ್ತು ನಿಮಿಷ ಮಾತ್ರ ನಡೆದು ಬನ್ನಿ.